ಬಲಕ್ಕೆ ಬಿದ್ದ ಹೂ

ಹುಣಸೂರು, ೧೯೫೪

ಜನವರಿ ೧೧, ಸೋಮವಾರ

ಇವತ್ತೂ ಮನೆಪಾಠಕ್ಕೆ ಅದೇ ರೇಖಾಗಣಿತ, ಅದೇ ಆಕಳಿಕೆ. ಜವಳಿ ಅಂಗಡಿ ಕಂಠಪ್ಪನವರ ಮಗ ಚಿಕ್ಕಬಸಪ್ಪನಿಗೆ ತ್ರಿಕೋನ ಬರೆಯಲು ಹೇಳಿದೆ. ಪುಸ್ತಕದ ಅಂಚಿನಲ್ಲೇ ಬರೆದು, ಅದಕ್ಕೊಂದು ಮೀಸೆ ಇಟ್ಟ. ಎಸ್.ಎಸ್.ಎಲ್.ಸಿ. ಒಮ್ಮೆ ಫೇಲು. ಈ ಸಲ ಪಾಸಾದರೆ ಮೈಸೂರಲ್ಲಿ ಇಂಟರ್‌ಮೀಡಿಯೆಟ್. ಆಗದಿದ್ದರೆ... ಅವನಿಗೇನು, ಅಂಗಡಿ ಇದೆ. ನಷ್ಟವೆಲ್ಲ ತಂಗಿ ನೀಲಾಂಬಿಕೆಗೆ. ಅವರಪ್ಪ ಹೇಳಿಬಿಟ್ಟಿದ್ದಾರೆ— “ಗಂಡುಮಗನ ತಲೆಗೇ ಅತ್ತದ ಓದು ಹೆಣ್ಣಿಗ್ಯಾಕೆ ಅಮ್ಮೋರೆ? ಅವ್ನು ಪಾಸಾಗ್ಲಿ, ಆಮ್ಯಾಕೆ ಇವ್ಳ ಐಸ್ಕೂಲ್ ಮಾತು.”

ಅವಳು ಬಾಗಿಲ ಮರೆಯಿಂದ ಅಣ್ಣನಿಗೆ ಉತ್ತರ ಪಿಸುಗುಡುತ್ತಾಳೆ. ಸರಿಯುತ್ತರ. ಅವನು ಅದನ್ನೂ ತಪ್ಪಾಗಿ ಬರೆಯುತ್ತಾನೆ.

ಜನವರಿ ೨೦

ಕೆಟ್ಟಿತು. ಮಗ ಪಾಸಾಗುತ್ತಾನೆಯೇ ಎಂದು ಕಂಠಪ್ಪನವರು ಬಸವಣ್ಣನ ಗುಡಿಯಲ್ಲಿ ಹೂ ಕೇಳಿಸಿದ್ದಾರೆ. ಮೂರ್ತಿಗೆ ಒತ್ತಿಟ್ಟ ಹೂ ಬಲಕ್ಕೆ ಬಿತ್ತಂತೆ. ಅಂದರೆ ಆಗುತ್ತದೆ ಎಂದು. ಹುಡುಗ ಬರಿಗೈಲಿ ಬಂದ.

“ಪುಸ್ತಕ ಎಲ್ಲೋ?”

“ಬುಡಿ ಅಮ್ಮೋರೆ. ದೇವ್ರೇ ಪಾಸ್ ಮಾಡವ್ನೆ. ನಾನ್ಯಾಕೆ ಮಧ್ಯೆ ಬಾಯಾಕ್ಲಿ?”

ಇಷ್ಟು ವರ್ಷ ಕಾವ್ಯ ಓದಿದೆ, ಎಂ.ಎ. ಮಾಡಿದೆ. ಇದು ಯಾವ ಪಠ್ಯದಲ್ಲೂ ಇರಲಿಲ್ಲ.

ಜನವರಿ ೨೫, ಸೋಮವಾರ

ನಾನೇ ಗುಡಿಗೆ ಕರೆದುಕೊಂಡು ಹೋದೆ. “ಓದದೆ ಪಾಸಾಗ್ತೀನಾ ಅಂತ ನೀನೇ ಕೇಳು.” ಪೂಜಾರಿ ರುದ್ರಸ್ವಾಮಿ ಹೂ ಇಟ್ಟರು. ಬೀಳಲಿಲ್ಲ. ಬೀಳುವವರೆಗೆ ಕೇಳಿದವನು ಏಳುವಂತಿಲ್ಲ. ಸುಮ್ಮನೆ ಕೂರುವ ಬದಲು... ಸೆರಗಿನೊಳಗಿಂದ ರೇಖಾಗಣಿತ ತೆಗೆದೆ.

“ಇಲ್ಲೂವಾ?” ಎಂದ. ಅಳುವುದೊಂದು ಬಾಕಿ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪ್ರಮೇಯ ಬಾಯಿಗೆ ಬಂದವು. ಇನ್ನೆರಡು ಮುಗಿಯುವವರೆಗೆ ಬೀಳಿಸಬೇಡಪ್ಪಾ ಎಂದು ನಾನೂ ಕೈಮುಗಿದೆ. ಐದನೆಯದರ ನಡುವೆ ಬಿತ್ತು. ಎಡಕ್ಕೆ.

“ಅಯ್ಯೋ, ಬಸವಣ್ಣ ತಿರುಗಿಬಿದ್ನಲ್ಲ ಕಣ್ರೀ!” ಎಂದ ಹುಡುಗ.

ಮಾರ್ಚ್ ೪

ಓದುತ್ತಿದ್ದಾನೆ. ಕೋಪದಿಂದ. ಬಸವಣ್ಣನ ಮೇಲೆ ಹಗೆ ತೀರಿಸುವವನ ಹಾಗೆ.

ಮೇ ೨೯

ಪೇಪರಿನಲ್ಲಿ ಚಿಕ್ಕಬಸಪ್ಪನ ನಂಬರು ಇದೆ! ಕಂಠಪ್ಪನವರು ಸಕ್ಕರೆ ತಂದರು. ಹಿಂದೆಯೇ ನೀಲಾ.

“ಅವಳ ಹೈಸ್ಕೂಲು?” ಎಂದೆ.

ಅವರು ಟವೆಲ್ಲು ಕೊಡವಿದರು. “ಅದೂ ಒಂದು ಮಾತು ಹೂ ಕೇಳಾಣ ಬುಡಿ.”

“ನಾ ನಿನ್ನೆನೇ ಕೇಳ್ದೆ ಕಣಪ್ಪಾ,” ಎಂದಳು ನೀಲಾ, ರೆಪ್ಪೆ ಹೊಡೆಯದೆ. “ಬಲಕ್ಕೇ ಬಿತ್ತು.”

ಗುಡಿಗೆ ವಾರದಿಂದ ಬೀಗ. ರುದ್ರಸ್ವಾಮಿ ಸಾಲಿಗ್ರಾಮದ ಮಗಳ ಮನೆಯಲ್ಲಿದ್ದಾರೆ. ಅವರನ್ನು ಬಸ್ಸು ಹತ್ತಿಸಿದವರೇ ಕಂಠಪ್ಪನವರು.

ಮಗಳನ್ನು ನೋಡಿದರು. ನನ್ನನ್ನು ನೋಡಿದರು. ನಾನು ಸಕ್ಕರೆ ಬಾಯಿಗೆ ಹಾಕಿಕೊಂಡೆ.

“ದೇವ್ರೇ ಅಂದ್ಮ್ಯಾಕೆ ನಂದೇನೈತೆ,” ಎಂದು ಎದ್ದು ಹೋದರು. ಮೀಸೆಯಡಿ ನಕ್ಕರೋ ಏನೋ...

ಅವಳು ಇನ್ನೂ ಹೋಗಿಲ್ಲ. ಅಣ್ಣನ ಹಳೆಯ ರೇಖಾಗಣಿತ ಬಿಚ್ಚಿ ಎದುರಿಗೇ ಕೂತಿದ್ದಾಳೆ. ಮೀಸೆಯ ತ್ರಿಕೋನ ತೋರಿಸಿ ಇದು ಯಾವ ಜಾತಿಯದು ಎಂದು ಕೇಳುತ್ತಿದ್ದಾಳೆ. ಇವತ್ತಿಗೆ ಇಷ್ಟೇ, ಪಾಠ ಶುರು.