ಬೆರಳು ಕೀ ಮೇಲೆ, ಕಣ್ಣು ಕಾಪಿ ಮೇಲೆ

ಹದಿನಾಲ್ಕನೇ ತಾರೀಕು, ಭಾನುವಾರ
ಬೆಳಗಿನ ಹತ್ತು ಗಂಟೆ

ಪ್ರೀತಿಯ ಮರಿ,

ಈ ಪತ್ರ ಕೈಬರಹದಲ್ಲಿರುವುದನ್ನು ಕಂಡು ನೀನು ನಗಬಹುದು. ಮೂವತ್ತೊಂದು ವರ್ಷ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿಸಿದವನ ಅಕ್ಷರ ಕಾಗೆ ಕಾಲಿನ ಹಾಗಿದೆ ಎಂದು ನೀನು ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದೆ. ಟೈಪ್ ಮಾಡಲು ಕೂತರೆ ನನ್ನ ಬೆರಳು ತಾನಾಗಿ ಓಡುತ್ತದೆ. ಈ ವಿಷಯವನ್ನು ಒಂದೊಂದು ಅಕ್ಷರವನ್ನೂ ನೋಡಿಕೊಂಡು ಬರೆಯಬೇಕು.

ಜೊತೆಗಿರುವ ಡಬ್ಬಿಯಲ್ಲಿ ನಿನ್ನ ಕೀಬೋರ್ಡ್ ಇದೆ. ಅದನ್ನು ಆಮೇಲೆ ತೆರೆ.

ಅದನ್ನು ಕೊಳ್ಳಲು ಹೋದ ದಿನದಿಂದ ಶುರು ಮಾಡುತ್ತೇನೆ. ಕನ್ನಡಕದ ಲ್ಯಾಬಿನ ಕೆಲಸ ಬಿಟ್ಟು ಒಂದು ವರ್ಷ ಕಂಪ್ಯೂಟರ್ ಆಟವನ್ನೇ ಆಡಿ ನೋಡುತ್ತೇನೆ ಎಂದು ನೀನು ಹೇಳಿ ಆಗ ನಾಲ್ಕು ತಿಂಗಳಾಗಿತ್ತು. ನಾನು ಆಗಲಿ ಎಂದಿದ್ದೆ. ನಿನ್ನ ಮೇಜು ಚಿಕ್ಕದು. ಹಳೆಯ ಕೀಬೋರ್ಡಿನ ಬಲತುದಿಯಲ್ಲಿದ್ದ ಅಂಕಿಗಳ ಸಾಲಿಗೆ ಮೌಸ್ ಹಿಡಿದ ಕೈ ಬಡಿದು ಗುರಿ ತಪ್ಪುತ್ತಿತ್ತು. ಅಂಕಿಗಳ ಸಾಲಿಲ್ಲದ, ತಂತಿಯಿಲ್ಲದ, ಒಂದೊಂದು ಕೀಯಡಿಗೂ ಅದರದೇ ಸ್ಪ್ರಿಂಗ್ ಇರುವ ಪುಟ್ಟ ಕೀಬೋರ್ಡ್ ಬೇಕಿತ್ತು ನಿನಗೆ. "ಅಪ್ಪಾ, ನಿನ್ನ ಬೆರಳು ಬೇಕು, ಬಾ" ಎಂದೆ. ಇನ್‌ಸ್ಟಿಟ್ಯೂಟಿಗೆ ಬೀಗ ಬಿದ್ದ ಮೇಲೆ ನನ್ನ ಬೆರಳು ಬೇಕು ಎಂದವರು ಯಾರೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೆ. ನೀನು ಅದನ್ನು ಗಮನಿಸಿದೆಯೋ ಇಲ್ಲವೋ.

ಅಂಗಡಿಯಾಕೆ ಒಂದು ಹಲಗೆಯ ಮೇಲೆ ಕೀಯಡಿಗೆ ಹಾಕುವ ಹನ್ನೊಂದು ಬಗೆಯ ಸ್ವಿಚ್ ಕೂರಿಸಿಟ್ಟಿದ್ದಳು. ನಾನು ಒಂದೊಂದನ್ನೂ ಒತ್ತಿ ಕಿವಿಗೊಟ್ಟು ಕೇಳುತ್ತಿದ್ದರೆ ಅವಳು, "ಯಜಮಾನ್ರೇ, ಅದೇನು ಕಲ್ಲಂಗಡಿ ಹಣ್ಣಾ, ತಟ್ಟಿ ತಟ್ಟಿ ನೋಡೋಕೆ?" ಎಂದು ನಕ್ಕಳು. ನೀಲಿಯದು ಟಕ್ಕೆನ್ನುತ್ತಿತ್ತು. ಕೆಂಪಿನದು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಕಂದು ಬಣ್ಣದ್ದಕ್ಕೆ ಅರ್ಧ ದಾರಿಯಲ್ಲಿ ಒಂದು ಸಣ್ಣ ತಡೆ. ನಿನಗೆ ಕೆಂಪು ಬೇಕಿತ್ತು. "ಬೆರಳಿಟ್ರೆ ಸಾಕು ಓಡ್ಬೇಕಪ್ಪ. ಮಧ್ಯದಲ್ಲಿ ತಡೆ ಬಂತು ಅಂದ್ರೆ ನಾನು ಸತ್ತೆ ಅಂತಾನೇ ಲೆಕ್ಕ" ಎಂದೆ. ನಾನು, "ತಡೆ ಇದ್ರೇನೇ ಬೆರಳಿಗೆ ಗೊತ್ತಾಗೋದು, ಒತ್ತಿದೀನಿ ಅಂತ" ಎಂದೆ. ನೀನು ಸ್ವಲ್ಪ ಹೊತ್ತು ಕೆಂಪಿನ ಮೇಲೆ ಬೆರಳಾಡಿಸಿ, "ಸರಿ, ಮೇಷ್ಟ್ರು ಹೇಳಿದ ಮೇಲೆ ಮುಗೀತು" ಎಂದು ಕಂದಿನದನ್ನೇ ಕಟ್ಟಿಸಿದೆ. ನಿನ್ನ ಆಟಕ್ಕೆ ನನ್ನ ಬೆರಳಿಗೆ ಹಿತವಾದದ್ದನ್ನು ಆರಿಸಿದೆನಲ್ಲ, ಅದು ಮೊದಲನೆಯ ತಪ್ಪು. ಚಿಕ್ಕದು.

ಎರಡನೆಯದು ಅದೇ ಅಂಗಡಿಯ ಬಾಗಿಲಲ್ಲಿ ನಡೆಯಿತು. ನಮ್ಮ ಇನ್‌ಸ್ಟಿಟ್ಯೂಟಿನ ಶೀಘ್ರಲಿಪಿ ಮೇಷ್ಟ್ರು ಎದುರಾಗಿ, "ಏನ್ರೀ, ಯಾರಿಗಿದು?" ಎಂದು ಕೇಳಿದರು. "ಮಗಳಿಗೆ. ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡ್ತಾಳೆ" ಎಂದುಬಿಟ್ಟೆ. ಅಂಗಡಿಯಾಕೆ ಒಳಗಿನಿಂದ, "ಅಯ್ಯೋ, ಲೆಕ್ಕದ ಕೆಲಸಕ್ಕೆ ಅಂಕಿ ಸಾಲೇ ಇಲ್ಲದ್ದು ತಗೊಂಡ್ರಾ? ಬದಲಾಯಿಸ್ಕೊಡ್ಲಾ?" ಎಂದು ಕೂಗಿದಳು. ಮೇಷ್ಟ್ರು ಡಬ್ಬಿಯ ಮೇಲಿನ ಬಂದೂಕಿನ ಚಿತ್ರ ನೋಡಿದರು, ನಿನ್ನ ಮುಖ ನೋಡಿದರು, ಬಸ್ಸಿನ ನೆಪ ಹೇಳಿ ಹೋದರು. ಮನೆಗೆ ಬಂದು ನೀನು ಡಬ್ಬಿ ಬಿಚ್ಚಿ, ಎಡಬದಿಯ ಸಣ್ಣ ಗುಂಡಿಯನ್ನು ತೋರಿಸಿದೆ: ಮುಂದಕ್ಕೆ ಸರಿಸಿದರೆ ನಿನ್ನ ಕಂಪ್ಯೂಟರಿಗೆ, ಹಿಂದಕ್ಕೆ ಸರಿಸಿದರೆ ನನ್ನ ಹಳೆಯ ಲ್ಯಾಪ್‌ಟಾಪಿಗೆ. "ನಿಂಗೂ ಆಯ್ತು ನಂಗೂ ಆಯ್ತು. ನಾನಿಲ್ಲದಾಗ ನೀನು ಬಾರ್ಸು" ಎಂದೆ. ನಿನ್ನನ್ನು ಲೆಕ್ಕ ಬರೆಯುವವಳನ್ನಾಗಿ ಮಾಡಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಇನ್ನು ಆ ಶನಿವಾರ ಮಧ್ಯಾಹ್ನದ ಮಾತು.

ದೊಡ್ಡ ತಂಡದವರು ನಿಮ್ಮ ಐವರ ಆಟ ನೋಡಿ ಇಬ್ಬರನ್ನು ಆರಿಸುವ ದಿನ. ಮೊದಲ ಸುತ್ತು ಗೆದ್ದಿರಿ. ಇಪ್ಪತ್ತು ನಿಮಿಷ ಬಿಡುವಿತ್ತು. ಬಿಡುವಿನಲ್ಲಿ ಕೆಳಗಿನ ರಸ್ತೆಯಲ್ಲಿ ಎರಡು ಸುತ್ತು ಹಾಕಿ ಬರುವುದು ನಿನ್ನ ರೂಢಿ, ಹಾಗೇ ಹೋದೆ. ನಾನು ಅಂದು ಬೆಳಿಗ್ಗೆಯಿಂದ ನಿನ್ನ ಅತ್ತೆಗೆ ಒಂದು ಕಾಗದ ಸಿದ್ಧ ಮಾಡುತ್ತಿದ್ದೆ. ಅಕ್ಕನ ಕಿವಿ ಮಂದ. ಫೋನಿನಲ್ಲಿ ಗುಟ್ಟು ಹೇಳಿದರೆ ಅದನ್ನೇ ಗಟ್ಟಿಯಾಗಿ ಕೂಗಿ, "ಹೌದೇನೋ?" ಎಂದು ಕೇಳುತ್ತಾಳೆ, ಓಣಿಗೆಲ್ಲ ಕೇಳಿಸುತ್ತದೆ. ಹಾಗಾಗಿ ಕಾಗದ. ಹಳೆಯ ಅಭ್ಯಾಸದಂತೆ ಮೊದಲು ಕೈಯಲ್ಲಿ ಬರೆದು ತಿದ್ದಿಟ್ಟಿದ್ದೆ, ಟೈಪ್ ಮಾಡುವುದೊಂದು ಬಾಕಿ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳ ಮೇಲೆ ನನಗೆ ಬೆರಳು ನಿಲ್ಲುವುದಿಲ್ಲ. ನಿನ್ನ ಕೋಣೆಗೆ ಹೋಗಿ ಕೀಬೋರ್ಡ್ ಎತ್ತಿಕೊಂಡು ನನ್ನ ಮೇಜಿಗೆ ಬಂದೆ. ಗುಂಡಿಯನ್ನು ಹಿಂದಕ್ಕೆ ಸರಿಸಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮೊದಲ ಪದಕ್ಕೇ ತಿಳಿಯುತ್ತಿತ್ತು, ಪರದೆಯಲ್ಲಿ ಏನೂ ಮೂಡುತ್ತಿಲ್ಲವೆಂದು. ನಾನು ಪರದೆ ನೋಡುವವನೇ ಅಲ್ಲವಲ್ಲ. "ಬೆರಳು ಕೀ ಮೇಲೆ, ಕಣ್ಣು ಕಾಪಿ ಮೇಲೆ" ಎಂದು ಸ್ಕೇಲಿನಿಂದ ಮೇಜು ಕುಟ್ಟಿ ಎಷ್ಟು ಮಕ್ಕಳಿಗೆ ಕಲಿಸಿದವನು. ಕೈಬರಹದ ಕಾಪಿ ನೋಡಿಕೊಂಡು ಒಂದೂ ತಪ್ಪಿಲ್ಲದೆ ಹೊಡೆದೆ. ಅಕ್ಕನಿಗೆ ನಮಸ್ಕಾರ ಎಂಬ ಮೊದಲ ಸಾಲು ಎಲ್ಲಿಯೂ ಬೀಳದೆ ಹೋಯಿತು. ಸಾಲು ಮುಗಿಸಲು ಎಂಟರ್ ಒತ್ತಿದೆ. ಗೋಡೆಯಾಚೆ ನಿನ್ನ ಕಂಪ್ಯೂಟರಿನಲ್ಲಿ ಆಟದವರ ಮಾತಿನ ಪೆಟ್ಟಿಗೆ ತೆರೆದುಕೊಂಡಿತು. ಪ್ಯಾರಾ ಹೊಡೆದು ಮತ್ತೆ ಎಂಟರ್ ಒತ್ತಿದೆ. ಅದು ನಿನ್ನ ಹೆಸರಿನಲ್ಲಿ, ನಿನ್ನ ತಂಡ, ಎದುರಿನ ತಂಡ, ಆರಿಸಲು ಕೂತವರು, ಎಲ್ಲರ ಮುಂದೆಯೂ ಬಿತ್ತು.

ಏನು ಬಿತ್ತೆಂದು ನಿನಗೆ ಬಾಯಿಪಾಠವಾಗಿರುತ್ತದೆ. ಆದರೂ ಬರೆದವನು ನಾನಾದ್ದರಿಂದ ಇನ್ನೊಮ್ಮೆ ನನ್ನ ಕೈಯಲ್ಲೇ ಬರೆಯುತ್ತೇನೆ. "ಅವಳ ಆಟದ ವಿಷಯ ಯಾರ ಹತ್ತಿರವೂ ಎತ್ತಬೇಡ. ಇಷ್ಟು ದೊಡ್ಡವಳು ಸುಳ್ಳು ಬಂದೂಕು ಹಿಡಿದು ಓಡಾಡುವುದನ್ನು ಕಂಡರೆ ನನಗೆ ತಲೆ ಎತ್ತಲಾಗುವುದಿಲ್ಲ. ಅವಳಿಗೆ ಬುದ್ಧಿ ಬರುವ ತನಕ ಜೊತೆಗಿದ್ದ ಹಾಗೆ ನಟಿಸುತ್ತಿದ್ದೇನೆ."

ಅದು ನಿನ್ನ ಬಗ್ಗೆ, ಮರಿ. ನಿನ್ನ ಗೆಳತಿ ಗುಂಡುಸೂಜಿಯ ಬಗ್ಗೆ ಅಲ್ಲ. ನಿಮ್ಮ ಐವರಲ್ಲಿ ಹೆಣ್ಣುಮಕ್ಕಳು ಇಬ್ಬರೇ. ನಿನ್ನ ಹೆಸರಿನಲ್ಲಿ "ಅವಳು" ಎಂದು ಬಂದರೆ ಅದು ಗುಂಡುಸೂಜಿಯೇ ಆಗಬೇಕು. ಹಿಂದಿನ ವಾರವಷ್ಟೇ ಅವಳ ಕೈತಪ್ಪಿನಿಂದ ನೀವು ಒಂದು ಸುತ್ತು ಸೋತಿದ್ದಿರಿ.

ಎರಡನೆಯ ಪ್ಯಾರಾ ಶುರು ಮಾಡುವ ಮುನ್ನ ತಲೆ ಎತ್ತಿದೆ. ನನ್ನ ಪರದೆ ಖಾಲಿ. ನಿನ್ನ ಕೋಣೆಗೆ ಓಡಿ ನೋಡಿದೆ. ನನ್ನ ಸಾಲುಗಳ ಕೆಳಗೆ ಗುಂಡುಸೂಜಿ ಬರೆದದ್ದು ಎರಡೇ ಪದ: "ನನ್ ಬಗ್ಗೆನಾ?" ಕೀಬೋರ್ಡ್ ಅದರ ಜಾಗದಲ್ಲಿಟ್ಟೆ, ಕೊಂಚ ಓರೆಯಾಗಿ, ನೀನು ಇಡುವ ಹಾಗೆಯೇ. ನನ್ನ ಮೇಜಿಗೆ ಬಂದು ಪೇಪರ್ ಹಿಡಿದು ಕೂತೆ. ಮೆಟ್ಟಿಲಿನಲ್ಲಿ ನಿನ್ನ ಚಪ್ಪಲಿಯ ಸದ್ದು ಕೇಳಿಸಿತು.

ಎರಡನೆಯ ಸುತ್ತನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ, ನಿನಗೆ ಗೊತ್ತಿಲ್ಲ. ಗುಂಡುಸೂಜಿ ಆಟ ಬಿಟ್ಟು ಹೋಗಿದ್ದಳು. ಐವರ ಎದುರು ನೀವು ನಾಲ್ವರು. ಅಷ್ಟು ತಿಂಗಳಿನಲ್ಲಿ ನಾನು ನಿನ್ನ ಎಡಗೈಯನ್ನು ನೋಡಿದ್ದು ಅದೇ ಮೊದಲು. ಮೂವತ್ತೊಂದು ವರ್ಷದಲ್ಲಿ ಅಂಥ ಎಡಗೈ ನನ್ನ ತರಗತಿಗೆ ಬಂದಿರಲಿಲ್ಲ. ಕಿರುಬೆರಳು ಮೂಲೆಯ ಕೀಯನ್ನು ಹಿಡಿದಿಟ್ಟುಕೊಂಡೇ ಉಳಿದ ಮೂರು ಬೆರಳು ಓಡುತ್ತಿದ್ದವು, ಮೇಲಿನ ಮೈ ಅಲ್ಲಾಡುತ್ತಿರಲಿಲ್ಲ. ಎರಡು ಕಡೆ ಕಂದು ಸ್ವಿಚ್ಚಿನ ತಡೆಗೆ ಬೆರಳು ಸಿಕ್ಕಿ ತಡವಾದದ್ದನ್ನೂ ಕಂಡೆ. ಸೋತಿರಿ.

ಸಂಜೆ ನೀನು ಕೇಳಿದೆ: "ಅಪ್ಪಾ, ನೀನೇನಾದ್ರೂ ಕೀಬೋರ್ಡ್ ಮುಟ್ಟಿದ್ಯಾ?" ನಾನು ಪೇಪರಿನಿಂದ ಕಣ್ಣೆತ್ತದೆ "ಇಲ್ಲಮ್ಮ" ಎಂದೆ. "ನೀನು ಇಲ್ಲ ಅಂದ್ಮೇಲೆ ಇಲ್ಲ ಬಿಡು. ಯಾರೋ ಒಳಗೆ ನುಗ್ಗಿದಾರೆ" ಎಂದು ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸುತ್ತ ಕೂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಅಷ್ಟನ್ನೂ ಮಾಡಲಿಲ್ಲ, ಪುಟ ತಿರುಗಿಸಿದೆ. ನಿನ್ನ ಅಮ್ಮ ಇದ್ದಿದ್ದರೆ ಅಲ್ಲೇ ಕಿವಿ ಹಿಂಡಿ ಹೇಳಿಸುತ್ತಿದ್ದಳು. ಆಮೇಲೆ ದೊಡ್ಡ ತಂಡದವರು, ಆಟ ಚೆನ್ನಾಗಿದೆ, ಜೊತೆಯವರ ಬಗ್ಗೆ ಹೀಗೆ ಮಾತಾಡುವವರು ನಮಗೆ ಬೇಡ ಎಂದು ಬರೆದರು. ಹನ್ನೆರಡು ವರ್ಷದಿಂದ ಗೆಳತಿಯಾಗಿದ್ದ ಗುಂಡುಸೂಜಿ ನಿನ್ನ ಫೋನ್ ಎತ್ತುವುದನ್ನು ನಿಲ್ಲಿಸಿದಳು. ನೀನು ಕೀಬೋರ್ಡನ್ನು ನನ್ನ ಮೇಜಿನ ಮೇಲಿಟ್ಟು, "ನಿಂಗಿರ್ಲಿ, ನಂಗಿನ್ನೇನಕ್ಕೆ" ಎಂದು ಹೇಳಿ ಈಗಿರುವ ಊರಿನ ಕನ್ನಡಕದ ಲ್ಯಾಬಿಗೆ ಹೋದೆ. ನಾನು ನಿನ್ನ ಪೆಟ್ಟಿಗೆ ಹೊತ್ತು ಬಸ್ಸಿಗೆ ಹತ್ತಿಸಿದೆ.

ಬೇಸರದಲ್ಲಿ ಕೈಗೆ ಬಂದದ್ದು ಬರೆದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬೇಸರವೇನೂ ಇರಲಿಲ್ಲ. ಕಾಪಿಯನ್ನು ಎರಡು ಸಲ ತಿದ್ದಿದ್ದೆ. ಅಂದು ನನಗೆ ನಿಜವಾಗಿಯೂ ನಾಚಿಕೆಯಿತ್ತು, ನಿನ್ನ ಬಗ್ಗೆ. ಈಗಲೂ ನಾಚಿಕೆಯೇ, ಆದರೆ ಅದು ನಿನ್ನನ್ನು ಬಿಟ್ಟು ನನ್ನ ಹತ್ತಿರ ಬಂದು ಕೂತಿದೆ.

ಹೋದ ವಾರ ಆ ಅಂಗಡಿಗೆ ಒಬ್ಬನೇ ಹೋದೆ. ಅಂಗಡಿಯಾಕೆ ಗುರುತು ಹಿಡಿದು, "ಏನು, ಲೆಕ್ಕದ ಕೆಲಸ ಹೇಗೆ ನಡೀತಿದೆ?" ಎಂದಳು. "ಲೆಕ್ಕ ಅಲ್ಲಮ್ಮ, ಆಟ. ನನ್ನ ಮಗಳು ಆಡ್ತಾಳೆ" ಎಂದೆ. ಕೆಂಪು ಸ್ವಿಚ್ ಅರವತ್ತೆಂಟು ತಂದು, ಕಂದಿನವನ್ನು ಒಂದೊಂದಾಗಿ ಚಿಮುಟದಿಂದ ಕಿತ್ತು ಕೂರಿಸಿದ್ದೇನೆ. ಒಂದರ ಕಾಲು ಬಗ್ಗಿತು. ನೇರ ಮಾಡಿ ಬಲಮೂಲೆಯ ಕೀಗೆ ಹಾಕಿದ್ದೇನೆ, ಅದನ್ನು ನೀನು ಮುಟ್ಟುವುದೇ ಇಲ್ಲ. ಇದು ಪ್ರಾಯಶ್ಚಿತ್ತವೆಂದು ತಿಳಿಯಬೇಡ. ಅಂದೇ ನಿನಗೆ ಬೇಕಿದ್ದದ್ದು.

ದೊಡ್ಡ ತಂಡದವರಿಗೆ ನಡೆದದ್ದನ್ನು ಬರೆದು ಹಾಕಿದ್ದೇನೆ. ಅವರು ನಂಬುತ್ತಾರೋ ಇಲ್ಲವೋ ತಿಳಿಯದು. ನಾಳೆ ಬೆಳಿಗ್ಗೆ ಗುಂಡುಸೂಜಿ ತನ್ನ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಅವಳಿಗೂ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು. ಅವಳಿಗೆ ಆ ಹೆಸರಿಟ್ಟವನೂ ನಾನೇ ಅಲ್ಲವೇ. ಹದಿನೈದು ವರ್ಷದ, ಸೂಜಿಯಷ್ಟೇ ಇದ್ದ ಹುಡುಗಿ ನಿನ್ನ ಜೊತೆ ಟೈಪಿಂಗ್ ತರಗತಿಗೆ ಬರುತ್ತಿದ್ದಳು. ಫುಲ್‌ಸ್ಟಾಪ್ ಆದ ಮೇಲೆ ಎರಡು ಸ್ಪೇಸ್ ಬಿಡಬೇಕೆಂದು ದಿನಾ ಬೈದರೂ ಒಂದೇ ಬಿಡುತ್ತಿದ್ದಳು. "ಈಗ ಯಾರು ಬಿಡ್ತಾರೆ ಮೇಷ್ಟ್ರೇ, ನೀವೊಬ್ರೇ!" ಎಂದು ವಾದ ಬೇರೆ.

ನನ್ನನ್ನು ಕ್ಷಮಿಸು ಎಂದು ಈ ಪತ್ರದಲ್ಲಿ ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯೆ, ನಿನ್ನ ಸ್ವಭಾವ ನನಗೆ ಗೊತ್ತು. ಕೆಲವು ದಿನ ನನ್ನ ಮೇಲೆ ಸಿಟ್ಟಾಗಿರು.

ನಿನ್ನ
ಅಪ್ಪ

ಮರೆತ ಮಾತು: ಡಬ್ಬಿಯ ಮೇಲಿನ ವಿಳಾಸವನ್ನಾದರೂ ನೀಟಾಗಿ ಟೈಪ್ ಮಾಡೋಣವೆಂದು ಈಗ ಹಳೆಯ ಟೈಪ್‌ರೈಟರಿನ ಹೊದಿಕೆ ತೆಗೆದೆ. ಅದರಲ್ಲಿ ಮೊದಲೇ ಒಂದು ಹಾಳೆ ಇತ್ತು. ನೀನು ಹೊರಟ ಮರುದಿನ ಗುಂಡುಸೂಜಿ ನಿನ್ನ ಹೆಡ್‌ಫೋನ್ ಹಿಂದಿರುಗಿಸಲು ಬಂದಿದ್ದಳು. ನಾನು ಒಳಗೆ ಚಹಾ ಮಾಡುತ್ತಿದ್ದಾಗ ಟಕಟಕ ಸದ್ದು ಕೇಳಿಸಿತು. ಹಳೆಯ ನೆನಪಿಗೆ ಬಾರಿಸುತ್ತಿದ್ದಾಳೆಂದು ಸುಮ್ಮನಾದೆ. ಅವಳು ಹೋದ ಮೇಲೆ ನೋಡದೆಯೇ ಹೊದಿಕೆ ಮುಚ್ಚಿದ್ದೆ. ಹಾಳೆಯಲ್ಲಿ ಹೀಗಿದೆ: "ಮೇಷ್ಟ್ರೇ, ಫುಲ್‌ಸ್ಟಾಪ್ ಆದ ಮೇಲೆ ಎರಡು ಸ್ಪೇಸ್ ಬಿಡುವವರು ನೀವೊಬ್ಬರೇ. ಅವತ್ತಿನ ಸಾಲುಗಳನ್ನು ಪರದೆಯ ಫೋಟೋದಲ್ಲಿ ಆಮೇಲೆ ನೋಡಿದೆ. ನೀವು ಹೇಳುವ ತನಕ ನಾನು ಅವಳಿಗೆ ಹೇಳುವುದಿಲ್ಲ, ಅವಳ ಫೋನೂ ಎತ್ತುವುದಿಲ್ಲ. ಎತ್ತಿದರೆ ಬಾಯಿ ಬಿಟ್ಟುಬಿಡುತ್ತೇನೆ. ಬೇಗ ಹೇಳಿ."

ಮೂರು ವಾರದಿಂದ ಆ ಹಾಳೆ ಅಲ್ಲೇ ಕಾದಿದೆ. ನಾಳೆಯವರೆಗೆ ತಡೆಯುವುದಿಲ್ಲ, ಈಗಲೇ ಅವಳ ಮನೆಗೆ ಹೊರಟಿದ್ದೇನೆ. ಹಾಳೆಯನ್ನು ಇದರೊಳಗೆ ಮಡಚಿಟ್ಟಿದ್ದೇನೆ, ನೋಡು. ಒಂದೂ ತಪ್ಪಿಲ್ಲ. ಪ್ರತಿ ಫುಲ್‌ಸ್ಟಾಪಿನ ನಂತರವೂ ಎರಡೆರಡು ಸ್ಪೇಸ್ ಬಿಟ್ಟಿದ್ದಾಳೆ.