ಏರಿದ ಹುಬ್ಬಿಗೆ ನಿಮ್ಮ ಅಫಿಡವಿಟ್ಟಿನಲ್ಲಿ ಜಾಗವಿಲ್ಲ

ನ್ಯಾಯಾಲಯ ನಿಯಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸಮಿತಿ ರೂಪಿಸಿದ ಅಫಿಡವಿಟ್ಟಿನ ನಮೂನೆ ಒಬ್ಬ ಸತ್ಯವಂತ ಹೆಂಗಸನ್ನು ಸುಳ್ಳುಗಾರ್ತಿಯನ್ನಾಗಿ ಮಾಡಿದೆ. ಬರುವ ತಿಂಗಳು ಅದೇ ಹೆಂಗಸು ಅದೇ ನಮೂನೆಗೆ ಇನ್ನೊಮ್ಮೆ ಸಹಿ ಹಾಕಬೇಕಿದೆ. ಈ ಬಗ್ಗೆ ನಾನು ನಿಮಗೆ ಹಿಂದೆಯೂ ಬರೆದಿದ್ದೆ, ಮರ್ಯಾದೆಯಾಗಿ, ಮುಚ್ಚಿದ ಲಕೋಟೆಯಲ್ಲಿ. 'ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ' ಎಂಬ ಉತ್ತರ ಬಂತು. ಗಮನಿಸಿ ಏನು ಮಾಡಿದಿರಿ ಎಂಬುದು ಅದರಲ್ಲಿರಲಿಲ್ಲ. ಆದ್ದರಿಂದ ಈ ಸಲ ಲಕೋಟೆ ಇಲ್ಲ, ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಓದುಗರಲ್ಲಿ ಕೋರ್ಟಿನ ಮೆಟ್ಟಿಲು ಹತ್ತದ ಪುಣ್ಯವಂತರಿಗಾಗಿ ಒಂದು ಮಾತು. ಸಿಡ್ನಿಯ ವಾಣಿಜ್ಯ ದಾವೆಗಳಲ್ಲಿ ಸಾಕ್ಷಿಯು ಕಟಕಟೆ ಹತ್ತಿ ತನ್ನ ಕತೆಯನ್ನು ತಾನೇ ಹೇಳುವಂತಿಲ್ಲ. ಅದನ್ನು ವಕೀಲರ ಕಚೇರಿ ಮೊದಲೇ ಬರೆದು, ಪುಟ ಸಂಖ್ಯೆ ಹಾಕಿ, ಸಹಿ ಮಾಡಿಸಿ ಇಟ್ಟಿರುತ್ತದೆ. ಯಾವುದಾದರೂ ಮಾತುಕತೆ ನಡೆದಿದ್ದರೆ ಅದನ್ನು ನಾಟಕದ ಸಂಭಾಷಣೆಯ ಹಾಗೆ ಬರೆಯಬೇಕು. 'ಅವನು ಈ ಅರ್ಥ ಬರುವ ಮಾತುಗಳನ್ನು ಆಡಿದನು' ಎಂದು ಹೇಳಿ, ಎರಡು ಚುಕ್ಕಿ ಇಟ್ಟು, ಉದ್ಧರಣ ಚಿಹ್ನೆಯೊಳಗೆ ಮಾತು. ಹತ್ತು ವರ್ಷದ ಹಿಂದಿನ ಮಾತು ಯಾರಿಗೆ ಅಕ್ಷರಶಃ ನೆನಪಿರುತ್ತದೆ? ಯಾರಿಗೂ ಇಲ್ಲ. ಅದು ನಿಮಗೂ ಗೊತ್ತು, ನಮಗೂ ಗೊತ್ತು. ಆದರೂ ದಿನವೂ ಬರೆಯುತ್ತೇವೆ, ದಿನವೂ ಓದುತ್ತೀರಿ. ಈ ಊರಿನಲ್ಲಿ ನಾಟಕಕಾರರು ಹಸಿದಿದ್ದಾರೆ. ಅವರ ಕೆಲಸವನ್ನೆಲ್ಲ ಫಿಲಿಪ್ ಬೀದಿಯ ವಕೀಲರಾದ ನಾವು ಮಾಡುತ್ತಿದ್ದೇವೆ.

ಮೂವತ್ತು ವರ್ಷ ನಾನು ಈ ಬೀದಿಯಲ್ಲಿ ಕರಿ ಗೌನು ಹಾಕಿಕೊಂಡು ಓಡಾಡಿದ್ದೇನೆ. ಮುಳುಗಿದ ಹಡಗುಗಳ ವಿಮೆ, ಕುಸಿದ ಗಣಿಗಳ ಪಾಲು, ಅಣ್ಣತಮ್ಮಂದಿರು ಒಡೆದುಕೊಂಡ ಕಂಪನಿಗಳು, ಒಬ್ಬರನ್ನೊಬ್ಬರು ನುಂಗಲು ಹೊರಟ ಬ್ಯಾಂಕುಗಳು, ಎಲ್ಲವನ್ನೂ ವಾದಿಸಿದ್ದೇನೆ. ಗೋಡೆಯುದ್ದ ಪೆಟ್ಟಿಗೆಗಳ ಕಾಗದ ಓದಿ ಅದರೊಳಗೆ ಅಡಗಿದ ಒಂದು ವಾಕ್ಯ ಹಿಡಿಯುವುದು ನನ್ನ ಕಸುಬು, ಅದರಲ್ಲಿ ನಾನು ಕೆಟ್ಟವಳಲ್ಲ. ಇದೇ ಬೀದಿಯ ಕಚೇರಿಗಳ ನೆಲ ಒರೆಸಿದ ಟೋಂಗಾದ ಹೆಂಗಸಿನ ಮಗಳು ನಾನು. ಮಾತು ಕಲಿತದ್ದು ಅವಳ ಕಾರ್ಮಿಕ ಸಂಘದ ಮುಷ್ಕರದ ಚಪ್ಪರದಲ್ಲಿ. ಅಲ್ಲಿ ಕಲಿತದ್ದು ಇಷ್ಟೇ: ಎದುರಿಗೆ ನಿಂತವರ ಮುಖ ನೋಡಿ ಮಾತಾಡು. ಆಮೇಲೆ ನಿಮ್ಮ ಕೋರ್ಟಿಗೆ ಬಂದೆ. ಇಲ್ಲಿ ಮುಖ ನೋಡುವುದು ನಿಷಿದ್ಧವಲ್ಲ, ಆದರೆ ನೋಡಿದ್ದನ್ನು ಬರೆಯುವ ಜಾಗವಿಲ್ಲ.

ಆ ಹೆಂಗಸಿನ, ಅಂದರೆ ಲುಸಿಯಾನೆ ಅತ್ತೆಯ, ವಿಷಯಕ್ಕೆ ಬರುತ್ತೇನೆ. ಅವಳು ನನಗೆ ರಕ್ತಸಂಬಂಧಿಯಲ್ಲ. ಆದರೆ ಆ ವಯಸ್ಸಿನ ಹೆಂಗಸನ್ನು ನಮ್ಮವರು ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಟೋಂಗಾದ ವವಾವು ದ್ವೀಪದಲ್ಲಿ ವೆನಿಲ್ಲಾ ಬೆಳೆಯುವ ಹೆಂಗಸರ ಸಂಘಕ್ಕೆ ಅವಳು ಮುಖ್ಯಸ್ಥೆ. ಅವರಿಗೊಂದು ಹದಮನೆ ಇತ್ತು. ಕಾಯಿಗಳನ್ನು ಬಿಸಿನೀರಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ಬಿಸಿಲಿಗೆ ಹರವಿ, ಮತ್ತೆ ಸುತ್ತಿ, ಮತ್ತೆ ಹರವಿ ಕಪ್ಪಾಗಿಸುವ ಮನೆ. ಹದಮನೆ ಇಲ್ಲದಿದ್ದರೆ ವೆನಿಲ್ಲಾ ಬರೀ ಹಸಿ ಕಾಯಿ. ಅದಕ್ಕೆ ಪರಿಮಳವೂ ಇಲ್ಲ, ಕೇಳುವವರೂ ಇಲ್ಲ. ಸಿಡ್ನಿಯ ಒಂದು ಸುವಾಸನೆ ಕಂಪನಿ ಅವರೊಂದಿಗೆ ಕೂಡು ಕಂಪನಿ ಕಟ್ಟಲು ಬಂತು. ಹದಮನೆಯನ್ನೂ ಬಳ್ಳಿಗಳ ಹಕ್ಕನ್ನೂ ಅದಕ್ಕೆ ಸೇರಿಸಿ ಎಂದಿತು. ಕಂಪನಿಯ ಕಡೆಯಿಂದ ಬಂದವನು ಸಿಯಾವೊಸಿ. ನಮ್ಮವನೇ, ಟೋಂಗಾದಲ್ಲಿ ಹುಟ್ಟಿ ಸಿಡ್ನಿಯಲ್ಲಿ ಓದಿದವನು.

ಸಹಿಗೆ ಮುಂಚೆ ಅಂಗಳದಲ್ಲಿ, ಹಲಸಿನ ಜಾತಿಯ ಆ ದೊಡ್ಡ ಮರದಡಿ ಎಲ್ಲರೂ ಚಾಪೆ ಹಾಸಿ ಕುಳಿತಿದ್ದಾಗ ಲುಸಿಯಾನೆ ಅತ್ತೆ ಎರಡು ಪ್ರಶ್ನೆ ಕೇಳಿದಳು. ಈ ಕೂಡು ಕಂಪನಿ ಮುಚ್ಚಿದರೆ ಹದಮನೆ ನಮಗೆ ವಾಪಸು ಬರುತ್ತದೋ? ಬಳ್ಳಿಗಳ ಹಕ್ಕು ವಾಪಸು ಬರುತ್ತದೋ? ಎರಡಕ್ಕೂ ಸಿಯಾವೊಸಿ ಹುಬ್ಬು ಏರಿಸಿದ.

ಅಷ್ಟೇ. ಟೋಂಗಾದಲ್ಲಿ ಹುಬ್ಬು ಏರಿಸಿದರೆ ಹೌದು ಎಂದರ್ಥ. ಊಟ ಆಯಿತಾ ಎಂದರೆ ಹುಬ್ಬು. ಮದುವೆಗೆ ಒಪ್ಪಿಗೆಯಾ ಎಂದರೂ ಹುಬ್ಬು. ಅಂಗಳದಲ್ಲಿದ್ದ ಎಲ್ಲರೂ ನೋಡಿದರು. ಹೆಂಗಸರು ಸಹಿ ಹಾಕಿದರು. ಕೂಡು ಕಂಪನಿ ಮುಚ್ಚಿತು. ಹದಮನೆಗೆ ಸಿಡ್ನಿ ಕಂಪನಿಯ ಬೀಗ ಬಿತ್ತು.

ಹೆಂಗಸರ ಪರ ಮೊಕದ್ದಮೆ ಹೂಡಿದ ವಕೀಲರ ಕಚೇರಿಯ ಹುಡುಗರು ನಿಮ್ಮ ನಮೂನೆಯನ್ನು ಎದುರಿಗಿಟ್ಟುಕೊಂಡು ಫೋನಿನಲ್ಲಿ ಅವಳ ಹೇಳಿಕೆ ಪಡೆದರು. ಅವನು ಒಪ್ಪಿದನಾ? ಒಪ್ಪಿದ. ನಮೂನೆಯಲ್ಲಿ ಒಪ್ಪಿಗೆಗೆ ಉದ್ಧರಣ ಚಿಹ್ನೆ ಬೇಕಲ್ಲ. ಬರೆದರು: 'ಸಿಯಾವೊಸಿ ಈ ಅರ್ಥ ಬರುವ ಮಾತುಗಳನ್ನು ಆಡಿದನು: ಹೌದು, ಹದಮನೆ ನಿಮಗೇ ವಾಪಸು ಬರುತ್ತದೆ.' ಅನುವಾದಿಸಿ ಓದಿ ಹೇಳಿದಾಗ ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅದು ನಿಜವೇ ಆಗಿತ್ತು. ಸಹಿ ಹಾಕಿದಳು.

ವಿಚಾರಣೆಯ ಹಿಂದಿನ ದಿನ ಅವಳು, ಅವಳ ಪರ ವಾದಿಸಬೇಕಿದ್ದ ನನ್ನ ಕೊಠಡಿಗೆ ಬಂದಳು. ಕೋರ್ಟಿಗೆ ಗೌರವವೆಂದು ನಮ್ಮವರು ದೊಡ್ಡವರೆದುರು ಹೋಗುವಾಗ ಸೊಂಟಕ್ಕೆ ಸುತ್ತುವ ಹೆಣೆದ ಚಾಪೆಯನ್ನು, ತನ್ನ ತಾಯಿಯ ಕಾಲದ್ದನ್ನು, ಸುತ್ತಿಕೊಂಡು, ನಾಳೆಯದನ್ನು ಇವತ್ತೇ ಉಟ್ಟುನೋಡಿ ಬಂದಿದ್ದಳು.

"ಅತ್ತೆ, ಸಿಯಾವೊಸಿ ಹೌದು ಅಂದಾಗ ದನಿ ಹೇಗಿತ್ತು? ಜೋರಾಗಿ ಅಂದ್ನಾ?"

"ದನಿ ಎಲ್ಲಿಂದ ಬಂತು ಮಗಳೇ. ಹೀಗಂದ." ಹುಬ್ಬು ಏರಿಸಿ ತೋರಿಸಿದಳು.

"ಬಾಯಲ್ಲಿ ಏನೂ ಹೇಳ್ಲಿಲ್ವಾ?"

"ಬಾಯಲ್ಲಿ ಹೇಳೋಕೆ ಅವನೇನು ಪಾದ್ರಿನಾ? ಹೌದು ಅಂದ. ನಿಂಗೆ ಸಿಡ್ನಿ ನೀರು ಕುಡಿದು ಕಣ್ಣು ಮಂಜಾಗಿದೆಯೇನೇ?"

ಮರುದಿನ ಬೆಳಿಗ್ಗೆ ಕಲಾಪ ಶುರುವಾಗುತ್ತಿದ್ದಂತೆಯೇ ಎದ್ದು ನಿಂತೆ. ಈ ಒಂದು ಪ್ಯಾರಾವನ್ನು ಕೈಬಿಡುತ್ತೇನೆ, ಆ ಅಂಗಳದಲ್ಲಿ ನಡೆದದ್ದನ್ನು ಸಾಕ್ಷಿಯೇ ಬಾಯಾರೆ ಹೇಳಲು ಬಿಡಿ ಎಂದು ಕೇಳಿದೆ. ಎದುರು ಪಕ್ಷದ ವಕೀಲರು ನೋವುಂಡವರಂತೆ ಎದ್ದರು. ವಿಚಾರಣೆಯ ದಿನ ಬೆಳಿಗ್ಗೆ ಕತೆ ಬದಲಾಗುತ್ತಿದೆ, ನಮ್ಮ ಇಡೀ ಸಿದ್ಧತೆ ಅಫಿಡವಿಟ್ಟಿನ ಮೇಲೆ ನಿಂತಿದೆ ಎಂದರು. ನ್ಯಾಯಾಧೀಶರು ನಿಮ್ಮ ನಿಯಮವನ್ನು ಓದಿದರು. ಅಫಿಡವಿಟ್ಟೇ ಅವಳ ಸಾಕ್ಷ್ಯ, ವಕೀಲರೇ, ಕುಳಿತುಕೊಳ್ಳಿ ಎಂದರು. ಕುಳಿತೆ. ಸತ್ಯ ತಡವಾಗಿ ಬಂದರೆ ಅದಕ್ಕೆ ಪ್ರವೇಶವಿಲ್ಲ, ಸುಳ್ಳು ಸಮಯಕ್ಕೆ ಸರಿಯಾಗಿ ಬಂದರೆ ಅದಕ್ಕೆ ಪುಟ ಸಂಖ್ಯೆ ಸಿಗುತ್ತದೆ. ಇದನ್ನೇ ತಾನೇ ನೀವು ನಿಮ್ಮ ವಾರ್ಷಿಕ ಭಾಷಣದಲ್ಲಿ ಶಿಸ್ತುಬದ್ಧ ಕಲಾಪ ಎಂದು ಕರೆದದ್ದು?

ಪಾಟೀಸವಾಲು ಶುರುವಾಯಿತು. ಪಕ್ಕದಲ್ಲಿ ದುಭಾಷಿ ನಿಂತಿದ್ದಳು.

"ಅಮ್ಮಾ, ಸಿಯಾವೊಸಿಯವರು 'ಹೌದು, ಹದಮನೆ ನಿಮಗೇ ವಾಪಸು ಬರುತ್ತದೆ' ಅಂತ ಹೇಳಿದರು ಅಂತ ನೀವು ಪ್ರಮಾಣ ಮಾಡಿದ್ದೀರಿ. ಸರೀನಾ?"

ಲುಸಿಯಾನೆ ಅತ್ತೆ ಹುಬ್ಬು ಏರಿಸಿದಳು.

"ಅಮ್ಮಾ, ದಯವಿಟ್ಟು ಉತ್ತರ ಕೊಡಿ."

ಅವಳು ಇನ್ನೂ ಸ್ವಲ್ಪ ಎತ್ತರಕ್ಕೆ ಏರಿಸಿದಳು, ಕಿವುಡರೊಂದಿಗೆ ದನಿ ಎತ್ತುವ ಹಾಗೆ.

ನಾನು ಎದ್ದೆ. "ಸ್ವಾಮಿ, ಸಾಕ್ಷಿ ಎರಡು ಸಲ ಉತ್ತರ ಕೊಟ್ಟಿದ್ದಾರೆ."

"ವಕೀಲರೇ, ಇದು ನೀವು ಕೊಡ್ತಾ ಇರೋ ಸಾಕ್ಷ್ಯವಾ?" ಎಂದರು ನ್ಯಾಯಾಧೀಶರು.

ನನ್ನ ಮೂಳೆಗೆ ಗೊತ್ತಿರುವುದನ್ನು ನಾನು ಹೇಳುವಂತಿಲ್ಲ, ವಕೀಲರು ಸಾಕ್ಷಿಯಾಗುವಂತಿಲ್ಲ. ಅವರು ದುಭಾಷಿಯ ಕಡೆ ನೋಡಿದರು. ಅವಳೂ ನಮ್ಮವಳೇ, ಅವಳಿಗೂ ಗೊತ್ತು. "ಸ್ವಾಮಿ, ಆಡಿದ ಮಾತನ್ನ ಮಾತ್ರ ನಾನು ಅನುವಾದ ಮಾಡಬಹುದು" ಎಂದು ತಲೆ ತಗ್ಗಿಸಿದಳು. ಬಲ್ಲವರು ಇಬ್ಬರಿದ್ದೆವು, ಇಬ್ಬರ ಬಾಯಿಗೂ ನೀವೇ ಹೊಲಿಗೆ ಹಾಕಿದ್ದಿರಿ.

"ಅಮ್ಮಾ, ಅವರು ಆ ಮಾತುಗಳನ್ನ ಬಾಯಿಂದ ಆಡಿದ್ರಾ, ಇಲ್ವಾ? ಅಷ್ಟು ಹೇಳಿ."

"ಬಾಯಿಂದ ಆಡ್ಲಿಲ್ಲ" ಎಂದಳು ಅತ್ತೆ. "ಆದ್ರೆ ಹೇಳಿದ."

ಎದುರು ವಕೀಲರು ಕುಳಿತರು. ಅವರಿಗೆ ಇನ್ನೇನೂ ಬೇಕಿರಲಿಲ್ಲ.

ಮಧ್ಯಾಹ್ನ ಸಿಯಾವೊಸಿಯ ಸರದಿ. ಚಂದದ ಸೂಟು ಹಾಕಿದ್ದ. ನಾನು ಪ್ರಶ್ನೆ ಹಾಕುತ್ತಾ ಹೋದೆ. ಅಂಗಳದಲ್ಲಿ ಹುಬ್ಬು ಏರಿಸಿದ್ದು ಹೌದಾ? ನೆನಪಿಲ್ಲ. ನಿಮ್ಮ ತಾಯಿ ಊಟ ಆಯಿತಾ ಎಂದರೆ ನೀವು ಹೇಗೆ ಉತ್ತರ ಕೊಡುತ್ತೀರಿ? ಆಕ್ಷೇಪಣೆ, ಅಪ್ರಸ್ತುತ. ಎತ್ತಿಹಿಡಿಯಲಾಯಿತು. ಅವನಿಗೆ ಕೆಮ್ಮು ಬಂತು. ನ್ಯಾಯಾಧೀಶರು ಒಳ್ಳೆಯ ಮನುಷ್ಯರು. ಕೆಟ್ಟವರೆಂದು ನಾನು ಎಲ್ಲೂ ಹೇಳುವುದಿಲ್ಲ. ಬಗ್ಗಿ ಕೇಳಿದರು: "ನೀರು ಬೇಕಾ?"

ಸಿಯಾವೊಸಿ ಹುಬ್ಬು ಏರಿಸಿದ.

ನ್ಯಾಯಾಧೀಶರು ಕೈಸನ್ನೆ ಮಾಡಿದರು. ನೀರು ಬಂತು. ಅವನು ಕುಡಿದ.

ಹಿಂದಿನ ಬೆಂಚಿನಿಂದ ಲುಸಿಯಾನೆ ಅತ್ತೆ ಗಂಟಲಲ್ಲೇ ನಕ್ಕದ್ದು ಕೇಳಿಸಿತು. ನಾನು ನ್ಯಾಯಾಧೀಶರನ್ನು ಕೇಳಿದೆ: "ಸ್ವಾಮಿ, ಸಾಕ್ಷಿ ಈಗ ನೀರು ಬೇಕು ಅಂದರಾ?"

"ವಕೀಲರೇ, ಮುಂದಿನ ಪ್ರಶ್ನೆ."

ಮೂವತ್ತು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕೇಳಿಲ್ಲ. ಅದಕ್ಕೆ ಉತ್ತರವೂ ಸಿಗಲಿಲ್ಲ.

ತೀರ್ಪು ಬಂತು. ಸಿಯಾವೊಸಿ ಎಂದೂ ಆಡದ ಮಾತುಗಳನ್ನು ಆಡಿದರೆಂದು ಈ ಸಾಕ್ಷಿ ಪ್ರಮಾಣ ಮಾಡಿದ್ದಾರೆ, ಇವರ ಮಾತು ನಂಬಲರ್ಹವಲ್ಲ. ಹದಮನೆ ಕಂಪನಿಯದು. ಮೇಲ್ಮನವಿಗೆ ಹೋದೆ. ಅಲ್ಲಿ ಮೂವರು ಕುಳಿತು, ಕೆಳಗಿನ ನ್ಯಾಯಾಧೀಶರಿಗೆ ಸಾಕ್ಷಿಗಳ ಮುಖವನ್ನು ಕಣ್ಣಾರೆ ನೋಡುವ ಅನುಕೂಲವಿತ್ತು, ಆದ್ದರಿಂದ ನಾವು ತಲೆಹಾಕುವುದಿಲ್ಲ ಎಂದರು. ಮಾನ್ಯರೇ, ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಮುಖ ನೋಡಿದ್ದಾರೆ, ಆದ್ದರಿಂದ ಸರಿ. ಯಾವ ಮುಖ? ನೀರಿಗೆ ಹೌದಾಗಿ, ಹದಮನೆಗೆ ಏನೂ ಅಲ್ಲವಾದ ಮುಖವೇ? ನೀರಿನ ಲೋಟದ ವಿಷಯ ಹೇಳಹೊರಟೆ. ಕಲಾಪದ ದಾಖಲೆ ತೆಗೆಸಿ ನೋಡಿದರು. ಅದರಲ್ಲಿ ನೀರಿನ ಪ್ರಶ್ನೆಯ ಮುಂದೆಯೂ, ಲುಸಿಯಾನೆ ಅತ್ತೆಯ ಎರಡು ಉತ್ತರಗಳ ಜಾಗದಲ್ಲಿಯೂ ಒಂದೇ ಸಾಲು ಇತ್ತು: ಕೇಳಿಸುವ ಉತ್ತರವಿಲ್ಲ.

ಕಂಪನಿಯವರು ಕೆಟ್ಟವರೆಂದೋ, ಸಿಯಾವೊಸಿ ದ್ರೋಹಿಯೆಂದೋ ಬೈದು ಕೈತೊಳೆದುಕೊಳ್ಳಲು ನನಗೆ ಬಾರದು. ಅವನು ಸುಳ್ಳು ಹೇಳುವ ಶ್ರಮವನ್ನೂ ಪಡಬೇಕಾಗಲಿಲ್ಲ. ನಿಮ್ಮ ನಮೂನೆಯೇ ಅವನ ಪರವಾಗಿ ಹೇಳಿತು. ಹಡಗು ಕಂಪನಿಗಳ, ಬ್ಯಾಂಕುಗಳ ಯಜಮಾನರಿಗೆ ಈ ನಮೂನೆ ಅಳತೆಗೆ ಹೊಲಿದಂತೆ ಕೂರುತ್ತದೆ. ಅವರು ಮಲಗಿದ್ದಾಗಲೂ ಟಿಪ್ಪಣಿ ಬರೆದುಕೊಳ್ಳುವ ಜನ. ಕಣ್ಣಲ್ಲಿ, ಹುಬ್ಬಲ್ಲಿ, ಎದುರಿಗೆ ಕುಳಿತು ತಲೆಮಾರುಗಳಿಂದ ವ್ಯವಹಾರ ಮಾಡಿಕೊಂಡು ಬಂದವರು ಒಳಗೆ ಬಂದರೆ ಮಾತ್ರ ಬಟ್ಟೆ ಹರಿಯುತ್ತದೆ. ಹರಿದದ್ದು ಬಟ್ಟೆ, ತಪ್ಪು ಮೈಯದ್ದು ಎಂದು ತೀರ್ಪು ಬರೆಯುತ್ತೀರಿ. ಇಷ್ಟು ವರ್ಷ ಈ ದೇಶದ ನ್ಯಾಯಾಲಯಗಳು ಸುತ್ತಲಿನ ಸಮುದ್ರದ ಜನರ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿವೆ. ಆ ಸಮುದ್ರದ ಜನ ಹೌದು ಎನ್ನುವುದು ಹೇಗೆಂದು ಕಲಿಯಲು ಯಾರಿಗೂ ಬಿಡುವಾಗಲಿಲ್ಲವೇ?

ಇನ್ನು ಬಳ್ಳಿಗಳ ಮೊಕದ್ದಮೆ. ಅದರ ಒಪ್ಪಂದ ಬೇರೆ, ನ್ಯಾಯಾಧೀಶರೂ ಬೇರೆ. ಆದರೆ ಅಂಗಳ ಅದೇ, ಮಧ್ಯಾಹ್ನ ಅದೇ, ಅವಳ ಎರಡನೇ ಪ್ರಶ್ನೆ, ಅವನ ಎರಡನೇ ಹುಬ್ಬು. ಹದಮನೆ ಹೋದರೆ ಇನ್ನೊಂದು ಕಟ್ಟಿಕೊಂಡಾರು. ಬಳ್ಳಿಗಳೂ ಹೋದರೆ ಆ ಹೆಂಗಸರು ತಾವು ಕೈಯಾರೆ ಪರಾಗ ಮುಟ್ಟಿಸಿ ಹೂ ಕೂಡಿಸಿದ ಬಳ್ಳಿಗಳ ಕೆಳಗೆ ಕಂಪನಿಯ ಕೂಲಿಗಳಾಗಿ ನಿಲ್ಲಬೇಕು. ಹೋದ ವಾರ ಅತ್ತೆ ಫೋನು ಮಾಡಿದ್ದಳು.

"ಈ ಸಲ ಏನು ಬರೀತೀಯೆ ಮಗಳೇ? ಮತ್ತೆ ನನ್ನ ಬಾಯಿಗೆ ಮಾತು ತುರುಕ್ತೀಯಾ?"

"ಇಲ್ಲ ಅತ್ತೆ. ನಡೆದದ್ದನ್ನೇ ಬರೀತೀನಿ."

"ಬರೆದ್ರೆ ತಗೋತಾರಾ?"

ಫೋನಿನಲ್ಲಿ ನನ್ನ ಹುಬ್ಬು ಕಾಣುವುದಿಲ್ಲ, ಕಂಡಿದ್ದರೂ ಏರುತ್ತಿರಲಿಲ್ಲ. 'ಆಡಿದ ಮಾತು' ಎಂಬ ಸಾಲಿನಡಿ ಮಾತಿಲ್ಲದ ಪ್ಯಾರಾ ಕಂಡರೆ ನಿಮ್ಮ ಕಚೇರಿ 'ನಮೂನೆಗೆ ಅನುಗುಣವಾಗಿಲ್ಲ' ಎಂಬ ಮೊಹರು ಒತ್ತಿ ವಾಪಸು ಕಳಿಸುತ್ತದೆ. ಈಗಾಗಲೇ ಒಮ್ಮೆ ಹಾಗೆ ವಾಪಸು ಕಳಿಸಿಯೂ ಆಗಿದೆ. ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಕಾಗದ ತೆಗೆಯುತ್ತೇನೆ, ಎರಡು ಸಾಲು ಬರೆಯುತ್ತೇನೆ, ಕಿಟಕಿಯವರೆಗೆ ನಡೆದು ಬಂದು ಹೊಡೆದುಹಾಕುತ್ತೇನೆ. ನಿಜ ಬರೆದರೆ ನೀವು ತೆಗೆದುಕೊಳ್ಳುವುದಿಲ್ಲ, ನೀವು ತೆಗೆದುಕೊಳ್ಳುವಂತೆ ಬರೆದರೆ ಅತ್ತೆ ಎರಡನೇ ಸಲ ಸುಳ್ಳುಗಾರ್ತಿಯಾಗುತ್ತಾಳೆ. ಇದರ ನಡುವೆ ನಿಮ್ಮ ಸಮಿತಿಯಿಂದಲೇ ನನಗೊಂದು ಆಹ್ವಾನ ಬಂದಿದೆ: 'ಉತ್ತಮ ಅಫಿಡವಿಟ್ ರಚನೆ' ಕುರಿತು ಕಿರಿಯ ವಕೀಲರಿಗೆ ಉಪನ್ಯಾಸ ಕೊಡಬೇಕಂತೆ. ನಿಮ್ಮ ಹಾಸ್ಯಪ್ರಜ್ಞೆಗೆ ನನ್ನ ನಮಸ್ಕಾರ. ನಾನು ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಯಾವ ಮಾತುಕತೆಯ ಮೇಲೆ ಇಡೀ ಮೊಕದ್ದಮೆ ನಿಂತಿದೆಯೋ ಅದನ್ನು ಸಾಕ್ಷಿಯೇ, ತನ್ನ ಭಾಷೆಯಲ್ಲಿ, ತನ್ನ ಮುಖದಿಂದ ಹೇಳಲಿ. ಸನ್ನೆಯನ್ನು ಸನ್ನೆ ಎಂದೇ ಬರೆದ ಅಫಿಡವಿಟ್ಟನ್ನು ನಿಮ್ಮ ಕಚೇರಿ ವಾಪಸು ಕಳಿಸದಿರಲಿ. ಕಟಕಟೆಯಲ್ಲಿ ಏರಿದ ಹುಬ್ಬನ್ನು, ಅಲ್ಲಾಡಿದ ತಲೆಯನ್ನು ಕಲಾಪದ ದಾಖಲೆ ಕಂಡಂತೆ ಬರೆದುಕೊಳ್ಳಲಿ. ಬಳ್ಳಿಗಳ ವಿಚಾರಣೆಗೆ ಮುಂಚೆ ನಿಮ್ಮ ಸಮಿತಿ ಒಮ್ಮೆ ಸೇರಲಿದೆ. ಅಂದು ಇದು ತೀರ್ಮಾನವಾಗಬೇಕು. ಅಲ್ಲಿಯವರೆಗೆ ಲುಸಿಯಾನೆ ಅತ್ತೆಯ ಹೆಸರಿನಲ್ಲಿ ಒಂದೇ ಒಂದು ಉದ್ಧರಣ ಚಿಹ್ನೆಯನ್ನೂ ನಾನು ಹಾಕುವುದಿಲ್ಲ, ಬೇರೆಯವರು ಹಾಕಲು ಬಿಡುವುದೂ ಇಲ್ಲ. ಅದಕ್ಕಾಗಿ ನನ್ನ ವಕೀಲಿಕೆಯ ಸನದು ಹೋಗುವುದಾದರೆ ಹೋಗಲಿ, ಮುಷ್ಕರದ ಚಪ್ಪರದಲ್ಲಿ ನಿಲ್ಲಲು ಸನದು ಬೇಕಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಎದುರಿಗೆ ಕರೆಸಿ ಹುಬ್ಬು ಏರಿಸಿದರೂ ಸಾಕು, ನನಗೆ ಓದಲು ಬರುತ್ತದೆ. ಏನೂ ಬಾರದಿದ್ದರೆ ಈ ಪತ್ರದ ಕೆಳಗೆ ನಿಮ್ಮ ಹುದ್ದೆಯ ಹೆಸರು ಬರೆದು, ಅದರ ಮುಂದೆ ನಿಮ್ಮದೇ ದಾಖಲೆಯ ಸಾಲನ್ನು ಸೇರಿಸಿ ಮತ್ತೆ ಅಚ್ಚು ಹಾಕಿಸುತ್ತೇನೆ: ಕೇಳಿಸುವ ಉತ್ತರವಿಲ್ಲ.

ಇಂತಿ,
ಕಂಡದ್ದನ್ನು ಹೇಳಲು ಅನುಮತಿ ಸಿಗದ ವಕೀಲೆ,
ಅಕೊಸಿತಾ ಲಾಂಗಿ
ಫಿಲಿಪ್ ಬೀದಿ, ಸಿಡ್ನಿ