ಆ ದಿನದ ನೆಗಡಿ

ತೆಟುವಾನ್
ಮಾರ್ಚ್ 9, 1998

ಪ್ರೀತಿಯ ಎನ್ಕಾರ್ನಾ,

ಮಲಗಾದಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈದುಕೋ. ನಿನ್ನಮ್ಮ ತೀರಿಕೊಂಡ ಸುದ್ದಿಯ ಜೊತೆ ಅವರ ಕಾದಂಬರಿಯನ್ನೂ ಕಳಿಸಿ, 'ಶಾಮಾನೇ ಇದನ್ನ ಅರಬ್ಬಿಗೆ ತರಲಿ ಅಂತಿದ್ದಳು ಅಮ್ಮ' ಎಂದು ಎರಡೇ ಸಾಲು ಬರೆದಿದ್ದೆ. ಮೂವತ್ತೇಳು ವರ್ಷ ಮಾತಿಲ್ಲ ಕತೆಯಿಲ್ಲ, ಆಮೇಲೆ ಎರಡು ಸಾಲು! ಸಿಟ್ಟು ಬಂತು, ಅಳುವೂ ಬಂತು. ಅನುವಾದ ಮುಗಿಸಿಯೇ ಬರೆಯುವುದೆಂದು ಹಟ ಹಿಡಿದೆ.

ಮುಗಿಯಿತು ಕಣೇ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಸ್ಪ್ಯಾನಿಷ್ ಸಾಹಿತ್ಯ ಪಾಠ ಮಾಡಿದವಳು ನಾನು. ಆದರೂ ನಮ್ಮ ಓಣಿಯ ಅರ್ಧ ಸ್ಪ್ಯಾನಿಷ್ ಅರ್ಧ ಅರಬ್ಬಿ ಮಾತನ್ನು ನಿನ್ನಮ್ಮ ಬರೆದಿರುವ ರೀತಿ ನನ್ನ ಬೆವರಿಳಿಸಿತು.

ಇನ್ನು ಕಾಸಾಬ್ಲಾಂಕಾದ ಸಂಪಾದಕರ ಕತೆ ಕೇಳು. ಲಹ್ಲೂ ಅಂತ, ಫ್ರೆಂಚ್ ಶಾಲೆಯಲ್ಲಿ ಓದಿದ ಮಹಾಶಯ. ನೀವು ಊರು ಬಿಟ್ಟ ದಿನದ ಅಧ್ಯಾಯದಲ್ಲಿ ನೀನು ಬಸ್ಸಿನ ಬಾಗಿಲಲ್ಲಿ ಗೆಳತಿಗಾಗಿ ಕಾಯುತ್ತೀಯಲ್ಲ, ಅವಳ ತಾಯಿ ಬಂದು ಮಗಳು 'ಕೊನ್ಸ್ತಿಪಾದಾ' ಅನ್ನುತ್ತಾಳಲ್ಲ, ಅಲ್ಲಿ ನಾನು 'ನೆಗಡಿಯಾಗಿದೆ' ಎಂದು ಬರೆದಿದ್ದೆ. ಆತ ಅದನ್ನೇ ಹೋಲುವ ಫ್ರೆಂಚ್ ಪದದ ಅರ್ಥ ಹಿಡಿದು 'ಮಲಬದ್ಧತೆ' ಎಂದು ತಿದ್ದಿಬಿಟ್ಟಿದ್ದರು!

ಫೋನ್ ಮಾಡಿದರೆ, "ನಿಘಂಟು ನೋಡಿಯೇ ತಿದ್ದಿದ್ದೀನಿ ಮೇಡಂ, ನಾಳೆ ಅಚ್ಚಿಗೆ ಹೋಗ್ತಿದೆ" ಅಂದರು.

"ಯಾವ ನಿಘಂಟು ಸ್ವಾಮಿ, ಫ್ರೆಂಚಿಂದಾ? ಆ ಗೆಳತಿ ನಾನೇ ಕಣ್ರೀ!" ಅಂದೆ. ನೆಗಡಿ ವಾಪಸ್ ಬಂತು.

ಅಮ್ಮನಿಗೆ ಹೇಳಿದೆ. ಎಂಬತ್ತು ದಾಟಿದವಳು ಚಹಾದ ಲೋಟ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. "ಹೊಟ್ಟೆ ಕಟ್ಟಿದೋಳು ಅಂತಲೇ ಇರಲಿ ಬಿಡೇ. ಹೇಗಿದ್ರೂ ಅದೂ ಸುಳ್ಳು, ಇದೂ ಸುಳ್ಳು" ಅಂದಳು. ಆ ಮಾತಿಗೆ ಆಮೇಲೆ ಬರುತ್ತೇನೆ.

ಏಪ್ರಿಲ್ ಹದಿನೆಂಟಕ್ಕೆ ಇಲ್ಲೇ ಪುಸ್ತಕ ಬಿಡುಗಡೆ. ನೀನು ಬರಲೇಬೇಕು. ಬಾದಾಮಿ ಕಡುಬು ಮಾಡುತ್ತಾಳಂತೆ ಅಮ್ಮ. "ಆ ಹುಡುಗಿ ತಿಂದು ತೇಗೋವರೆಗೂ ನಾನು ಸಾಯಲ್ಲ" ಅನ್ನುತ್ತಾಳೆ. 'ಆ ಹುಡುಗಿಗೆ ಈಗ ನಲವತ್ತೇಳು ಕಣಮ್ಮ' ಅಂದರೆ ಕೇಳುವುದಿಲ್ಲ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ಶಾಮಾ

ತಾ.ಕ.: ಎನ್ಕಾರ್ನಾ, ಅವತ್ತು ನನಗೆ ನೆಗಡಿಯಾಗಿರಲಿಲ್ಲ. ನನ್ನನ್ನು ಬಿಟ್ಟು ಹೋಗುತ್ತೀಯೆಂಬ ಸಿಟ್ಟಿಗೆ ತಾರಸಿಯ ಮೇಲೆ ಅಡಗಿ ಕೂತಿದ್ದೆ. ಹಾಗೆ ಹೇಳೆಂದು ಅಮ್ಮನನ್ನು ಕಾಡಿದವಳು ನಾನೇ. ಬಸ್ಸು ಹೊರಟರೂ ನೀನು ಬಾಗಿಲು ಬಿಟ್ಟು ಕದಲಲಿಲ್ಲವೆಂದು ಗೊತ್ತಾದದ್ದು ನಿನ್ನಮ್ಮನ ಪುಸ್ತಕದಿಂದ. ಮೂಲವನ್ನು ತಿದ್ದುವ ಹಕ್ಕು ಅನುವಾದಕಿಗಿಲ್ಲ. ನನ್ನ ಸುಳ್ಳನ್ನು ನಾನೇ ನಿಷ್ಠೆಯಿಂದ ಅರಬ್ಬಿಗೆ ತಂದಿದ್ದೇನೆ. ಈ ಸಲ ನಿನ್ನ ಹಡಗು ಬಂದು ನಿಲ್ಲುವ ಸೆಯುತಾದ ಬಂದರಿಗೆ ನಾನೇ ಬಂದು ನಿಲ್ಲುತ್ತೇನೆ, ನಿಜವಾಗಿ ನೆಗಡಿಯಾಗಿದ್ದರೂ.